ಮಂಗಳೂರಿನ ಸೆಂಟ್ರಲ್ ಮಾರ್ಕೆಟ್: ಮಾರುಕಟ್ಟೆ ಎರಡಾದ ಕಥೆ

ಸೆಂಟ್ರಲ್ ಮಾರ್ಕೆಟ್ ಬಗ್ಗೆ ಮಾತು ಬಂದರೆ ಹೆಚ್ಚಿನವರು 2020ರ ಲಾಕ್‌ಡೌನ್‌ನಿಂದಲೇ ಶುರು ಮಾಡುತ್ತಾರೆ. ಆಗ ಬಾಗಿಲು ಹಾಕಿದರು, ಆಮೇಲೆ ಕಟ್ಟಡವನ್ನೇ ಕೆಡವಿದರು ಅಂತ. ಆದರೆ ಈ ಜಗಳದ ಬೇರು ಅದಕ್ಕಿಂತ ಎಷ್ಟೋ ಹಳೆಯದು. ಹೋಲ್‌ಸೇಲ್ ಮತ್ತು ಚಿಲ್ಲರೆ ವ್ಯಾಪಾರ ಒಂದೇ ಜಾಗದಲ್ಲಿ ಇರಬೇಕಾ, ಬೇಡವಾ? ಮಂಗಳೂರು ಈ ಪ್ರಶ್ನೆಗೆ ಕೂತು ಉತ್ತರ ಹುಡುಕಲೇ ಇಲ್ಲ ಎಂಬುದು ನನ್ನ ದೂರು.

ಈ ಊರಿನ ವ್ಯಾಪಾರ ಬೆಳೆದದ್ದು ಬಂದರ್ ಕಡೆಯಿಂದ. ಅಕ್ಕಿ, ಒಣಮೀನು, ಸಾಂಬಾರ ಜೀನಸು ಎಲ್ಲಾ ಅಲ್ಲೇ. ಇಲ್ಲಿಗೆ ಮುನ್ಸಿಪಾಲಿಟಿ ಬಂದದ್ದು 1866ರಲ್ಲಿ, ಆಗ ನಾವು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದೆವು. 1907ರಲ್ಲಿ ರೈಲು ಬಂತು. ಪೇಟೆ ನಿಧಾನಕ್ಕೆ ಬಂದರಿನಿಂದ ಮೇಲಕ್ಕೆ, ಹಂಪನಕಟ್ಟೆ ಕಡೆಗೆ ಹತ್ತಿತು. ಸೆಂಟ್ರಲ್ ಮಾರ್ಕೆಟ್ ಇದ್ದದ್ದು ಸರಿಯಾಗಿ ಈ ಎರಡರ ನಡುವೆ. ಒಂದು ಕಡೆ ಭವಂತಿ ಸ್ಟ್ರೀಟ್, ಇನ್ನೊಂದು ಕಡೆ ಹಂಪನಕಟ್ಟೆ, ನಡೆದು ಹೋಗುವಷ್ಟು ದೂರದಲ್ಲಿ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್. ಬಂಟ್ವಾಳ, ಮೂಡಬಿದ್ರೆ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಬಂದವರು ಆಸ್ಪತ್ರೆಯೋ ಕೋರ್ಟೋ ಕೆಲಸ ಮುಗಿಸಿ, ಚೀಲ ತುಂಬಿಸಿಕೊಂಡು ವಾಪಸ್ ಬಸ್ ಹತ್ತುತ್ತಿದ್ದರು. ಈ ಜಾಗ ಅಷ್ಟು ಅನುಕೂಲವಾಗಿತ್ತು.

ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲಿ ತರಕಾರಿಯಲ್ಲಿ ಎರಡು ಜಾತಿ. ಒಂದು ಘಟ್ಟದ ತರಕಾರಿ, ಇನ್ನೊಂದು ಊರ ತರಕಾರಿ. ಟೊಮೆಟೊ, ಕ್ಯಾಬೇಜ್, ಬೀನ್ಸ್, ಕ್ಯಾರೆಟ್ ಎಲ್ಲಾ ಚಿಕ್ಕಮಗಳೂರು, ಹಾಸನದ ಕಡೆಯಿಂದ ಶಿರಾಡಿ, ಚಾರ್ಮಾಡಿ ಇಳಿದು ರಾತ್ರಿ ಲಾರಿಯಲ್ಲಿ ಬರುತ್ತವೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನಲ್ಲಿ ರೇಟು ಏರುವುದು ಇದಕ್ಕೇ. ಬೆಳಕು ಹರಿಯುವ ಮೊದಲೇ ಗೋಣಿ ಇಳಿಯಬೇಕು, ಚಿಲ್ಲರೆಯವರು ಎತ್ತಬೇಕು, ಕಾಸರಗೋಡಿನ ಕಡೆಗೆ ಹೋಗುವ ಮಾಲು ಬೇರೆಯಾಗಬೇಕು, ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ, ಅಂದರೆ ಸರಕಿನ ದೋಣಿಗೆ, ತುಂಬಿಸುವುದು ಸಹ ಆಗಬೇಕು.

ಊರ ತರಕಾರಿಯ ದಾರಿ ಬೇರೆ. ಬಸಳೆ, ಹರಿವೆ, ಅಲಸಂಡೆ, ಊರ ಬೆಂಡೆ, ಹೀರೆ, ಮಂಗಳೂರು ಸೌತೆ, ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ. ಹಿತ್ತಲಲ್ಲಿ ಬೆಳೆದದ್ದನ್ನು ಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ತಂದು, ಮಾರ್ಕೆಟ್ ಅಂಚಿನಲ್ಲಿ ಗೋಣಿ ಹಾಸಿ ಕೂರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಬಸಳೆ ಕಟ್ಟಿನ ಮೇಲೆ ಆಗಾಗ ನೀರು ಚಿಮುಕಿಸುತ್ತಾ, ಮಧ್ಯಾಹ್ನದೊಳಗೆ ಖಾಲಿ ಮಾಡಿ ಎದ್ದು ಹೋಗುವ ವ್ಯಾಪಾರ. ಇವರಿಗೆ ಅಂಗಡಿ ನಂಬರ್ ಇಲ್ಲ, ಕರಾರು ಪತ್ರ ಇಲ್ಲ. ಆದರೆ ಘಟ್ಟದ ತರಕಾರಿ ಕೊಳ್ಳಲು ಬಂದ ಗಿರಾಕಿಯೇ ಇವರ ಗಿರಾಕಿ. ಒಂದು ಇದ್ದರೆ ಇನ್ನೊಂದು ನಡೆಯುತ್ತದೆ, ಅಲ್ವಾ?

ಇನ್ನು ಸರ್ಕಾರದ ಲೆಕ್ಕ. 1966ರ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆಯ ಯೋಚನೆ ಏನೆಂದರೆ, ಹೋಲ್‌ಸೇಲ್ ವ್ಯಾಪಾರ ಪ್ರಾಂಗಣದ ಒಳಗೆ, ತೂಕ ಮತ್ತು ದರದ ಮೇಲೆ ಕಣ್ಣಿಟ್ಟು ನಡೆಯಬೇಕು. ಮಂಗಳೂರಿನ ಎಪಿಎಂಸಿ ಪ್ರಾಂಗಣ ಇರುವುದು ಬೈಕಂಪಾಡಿಯಲ್ಲಿ, ಪೇಟೆಯಿಂದ ಸುಮಾರು 10 ಕಿಲೋಮೀಟರ್ ಆಚೆ. ಇತ್ತ ಮಾರ್ಕೆಟ್ ರೋಡಿನಲ್ಲಿ ಲಾರಿ ನಿಂತರೆ ಬೇರೆ ಗಾಡಿ ದಾಟುವಂತಿಲ್ಲ. ಕಸ ವಿಲೇವಾರಿ ಸರಿ ಇಲ್ಲ, ಚರಂಡಿ ಕಟ್ಟುತ್ತದೆ, ಕಟ್ಟಡಕ್ಕೂ ವಯಸ್ಸಾಗಿದೆ. ಇದೆಲ್ಲಾ ನಿಜವೇ. ಹೋಲ್‌ಸೇಲ್‌ನವರನ್ನು ಬೈಕಂಪಾಡಿಗೆ ಕಳಿಸಬೇಕು ಎಂಬ ಮಾತು ವರ್ಷಗಟ್ಟಲೆ ನಡೆಯಿತು. ವ್ಯಾಪಾರಿಗಳು ಒಪ್ಪಲಿಲ್ಲ, ಯಾಕೆಂದರೆ ಅವರ ಗಿರಾಕಿ ಇದ್ದದ್ದು ಪೇಟೆಯಲ್ಲಿ.

ವರ್ಷಗಟ್ಟಲೆ ಆಗದ್ದು 2020ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಆಯಿತು. ಜನ ಗುಂಪು ಸೇರುತ್ತಾರೆ ಎಂದು ಮಾರ್ಕೆಟ್ ಮುಚ್ಚಿಸಿ, ಹೋಲ್‌ಸೇಲ್ ಅನ್ನು ಬೈಕಂಪಾಡಿಗೆ ಕಳಿಸಿದರು. ಸೋಂಕಿನ ಭಯದಲ್ಲಿ ಮುಚ್ಚಿದ್ದು ಅರ್ಥವಾಗುತ್ತದೆ. ಆದರೆ ಹಳೆ ಮಾರ್ಕೆಟ್ ಮತ್ತೆ ಮೊದಲಿನಂತಾಗಲಿಲ್ಲ. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಚಿಲ್ಲರೆಯವರಿಗೆ ನೆಹರೂ ಮೈದಾನದ ಬಳಿ ತಾತ್ಕಾಲಿಕ ಅಂಗಡಿ ಕಟ್ಟಿದರು, ಅದಕ್ಕೆ ಫುಟ್‌ಬಾಲ್ ಆಡುವವರು ಬೇಸರಪಟ್ಟರು, ಆ ಬೇಸರವೂ ನ್ಯಾಯವೇ. ಅಲ್ಲಿಗೆ ಒಂದು ಮಾರುಕಟ್ಟೆ ಎರಡು ತುಂಡಾಯಿತು. ಚಿಲ್ಲರೆಯವರು ಬೆಳಗಿನ ಜಾವ ಗಾಡಿ ಮಾಡಿಕೊಂಡು ಬೈಕಂಪಾಡಿಗೆ ಹೋಗಿ ಮಾಲು ತರಬೇಕಾಯಿತು. ಆ ಬಾಡಿಗೆ ಕೊನೆಗೆ ಸೇರಿದ್ದು ಒಂದು ಕಿಲೋ ಬೀನ್ಸಿನ ರೇಟಿಗೇ.

ಹೊಸ ಕಟ್ಟಡದ ಯೋಜನೆ ಬಂದದ್ದು ಸ್ಮಾರ್ಟ್ ಸಿಟಿ ಕಡೆಯಿಂದ. ಮಂಗಳೂರು ಆ ಪಟ್ಟಿ ಸೇರಿದ್ದು 2016ರಲ್ಲಿ. ಸುಮಾರು 114 ಕೋಟಿ ರೂಪಾಯಿಯ ಬಹುಮಹಡಿ ಮಾರುಕಟ್ಟೆ, ಖಾಸಗಿ ಸಹಭಾಗಿತ್ವದಲ್ಲಿ. ಅಂದರೆ ಹಣ ಹಾಕಿದವರು ಬಾಡಿಗೆ, ಪಾರ್ಕಿಂಗ್ ಮೂಲಕ ಅದನ್ನು ವಾಪಸ್ ಪಡೆಯಬೇಕು. ಒಂದು ಹರಿವೆ ಕಟ್ಟಿನ ಲಾಭದಲ್ಲಿ ಅಂಥ ಬಾಡಿಗೆ ಹುಟ್ಟುತ್ತದೆಯಾ? ನನಗೆ ಅನುಮಾನ. ಹಾಗಾದಾಗ ಸೊಪ್ಪಿನವರ ಜಾಗಕ್ಕೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ಬರುತ್ತವೆ.

ಕಟ್ಟಡ ಎದ್ದ ಮಾತ್ರಕ್ಕೆ ಮಾರುಕಟ್ಟೆ ಸೇರುವುದಿಲ್ಲ ಎನ್ನಲು ದೂರ ಹೋಗಬೇಕಿಲ್ಲ. ಇಲ್ಲೇ ಉರ್ವದಲ್ಲಿ ಮೂಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಕಟ್ಟಿಸಿದ ದೊಡ್ಡ ಮಾರ್ಕೆಟ್ ಕಟ್ಟಡ ಉದ್ಘಾಟನೆಯಾದ ಮೇಲೂ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಮೀನು, ತರಕಾರಿ ಕೊಳ್ಳುವವರು ನೆಲ ಅಂತಸ್ತಿನಲ್ಲೇ, ರಸ್ತೆಯಿಂದ ಕಾಣುವ ಕಡೆಯೇ ಕೊಳ್ಳುತ್ತಾರೆ. ಬಂಗುಡೆ ಕೊಳ್ಳಲು ಮೆಟ್ಟಿಲು ಹತ್ತುವವರು ಕಡಿಮೆ.

ಹಾಗಾಗಿ ಸೆಂಟ್ರಲ್ ಮಾರ್ಕೆಟ್ ವಿಷಯದಲ್ಲಿ ಎಷ್ಟು ಮಹಡಿ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ರಾತ್ರಿ ಲಾರಿ ಇಳಿಸಲು ಜಾಗ ಎಲ್ಲಿ, ಎಷ್ಟು ಗಂಟೆಯವರೆಗೆ? ಬೈಕಂಪಾಡಿಯಿಂದ ಚಿಲ್ಲರೆಯವರಿಗೆ ಮಾಲು ತಲುಪಿಸುವ ಖರ್ಚು ಯಾರದ್ದು? ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲು 2014ರ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿ ಮಾಡಿ ಸಮೀಕ್ಷೆ ನಡೆಸಬೇಕೆಂದು ಅದರಲ್ಲೇ ಹೇಳಿದೆ. ಅಂಗಡಿ ಹಂಚುವ ಪಟ್ಟಿಯಲ್ಲಿ ಹಳೆ ನಂಬರ್ ಇದ್ದವರ ಹೆಸರು ಹೇಗೂ ಬರುತ್ತದೆ. ಗೋಣಿ ಹಾಸಿ ಕೂರುತ್ತಿದ್ದ ಹೆಂಗಸರಿಗೆ ನೆಲ ಅಂತಸ್ತಿನಲ್ಲಿ, ದಿನದ ಸುಂಕ ಕಟ್ಟಿ ಕೂರುವ ಹಾಗೆ, ಒಂದು ಕಟ್ಟೆ ಬೇಕು. ಅದನ್ನು ಹಂಚಿಕೆಗೆ ಮೊದಲೇ ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಬೇಕು.