ಮೂಗು ಸೋಲುವ ಗುಂಡಿಗಳಲ್ಲಿ ಯಂತ್ರದ ಘ್ರಾಣ

ಕೃಷ್ಣಾ, ಘಟಪ್ರಭಾ ತೀರದ ಕಬ್ಬಿನ ಸೀಮೆಯಲ್ಲಿ, ಸಕ್ಕರೆ ಕಾರ್ಖಾನೆಯ ತ್ಯಾಜ್ಯನೀರಿನ ತೊಟ್ಟಿಯಾಗಲಿ ಬೆಳಗಾವಿ, ಬಾಗಲಕೋಟೆಯಂಥ ಊರುಗಳ ಮ್ಯಾನ್‌ಹೋಲ್ ಆಗಲಿ, ಗಾಳಿ ಸೋಕದೆ ಕೊಳೆಯುವ ಕಡೆಯಲ್ಲೆಲ್ಲ ಹೈಡ್ರೋಜನ್ ಸಲ್ಫೈಡ್ ಹುಟ್ಟಿಕೊಳ್ಳಬಹುದು. ಕೊಳೆತ ಮೊಟ್ಟೆಯ ನಾತದ ಈ ಅನಿಲ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗಲೂ ಮೂಗಿಗೆ ತಿಳಿಯುತ್ತದೆ. ಅದೇ 100 ಭಾಗಗಳಷ್ಟಾದಾಗ ಘ್ರಾಣಶಕ್ತಿಯೇ ಮರಗಟ್ಟಿ, ನಾತ ಇಲ್ಲವೇ ಇಲ್ಲವೆನ್ನುವಂತಾಗುತ್ತದೆ. ನಾತ ಹೋಯಿತೆಂದು ಒಳಗಿಳಿದವರು, ಅವರನ್ನು ಎತ್ತಲು ಬೆನ್ನಿಗೇ ಇಳಿದವರು ಪ್ರಾಣ ಕಳೆದುಕೊಳ್ಳುವುದು ಹೀಗೆ.

ಬ್ರಿಟನ್ನಿನ ಗಣಿಗಳಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಸಣ್ಣ ಪ್ರಾಣಿಗಳನ್ನು ಒಯ್ಯಬೇಕೆಂದು 1890ರ ದಶಕದಲ್ಲಿ ಸೂಚಿಸಿದವರು ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್; ಮನುಷ್ಯನಿಗಿಂತ ಮೊದಲೇ ಕುಸಿದು ಅವು ಎಚ್ಚರಿಸುತ್ತಿದ್ದವು. ಆ ಕೆಲಸದ ಕ್ಯಾನರಿ ಹಕ್ಕಿಗಳನ್ನು ಕೈಬಿಡುವ ನಿರ್ಧಾರವಾದದ್ದು 1986ರಲ್ಲಿ. ಅಷ್ಟರಲ್ಲಿ ಜಪಾನಿನ ನವೊಯೊಶಿ ಟಾಗುಚಿ 1960ರ ದಶಕದಲ್ಲೇ ತವರದ ಆಕ್ಸೈಡಿನ ಸೆನ್ಸರ್ ರೂಪಿಸಿದ್ದರು. ಕಾದ ಆಕ್ಸೈಡಿನ ಮೈಗೆ ಅಂಟಿದ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಉರಿಯುವ ಅನಿಲ ಬಂದು ಆ ಆಮ್ಲಜನಕದೊಡನೆ ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ ರೋಧ ಇಳಿಯುತ್ತದೆ; ಆ ಇಳಿತವೇ ಅನಿಲ ಬಂದ ಸುಳಿವು. ಆದರೆ ಒಂದೇ ಸೆನ್ಸರ್ ಹಲವು ಅನಿಲಗಳಿಗೆ ಸ್ಪಂದಿಸುವುದರಿಂದ ಬಂದದ್ದು ಯಾವುದೆಂದು ಹೇಳಲಾರದು. ವಾರ್‌ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ 1982ರಲ್ಲಿ ತೋರಿಸಿಕೊಟ್ಟದ್ದು ಇದಕ್ಕೆ ಪರಿಹಾರವನ್ನೇ: ಬೇರೆಬೇರೆ ಸೆನ್ಸರ್‌ಗಳ ಸ್ಪಂದನಗಳನ್ನು ಒಟ್ಟಿಗಿಟ್ಟು ನೋಡಿದರೆ ವಾಸನೆಗಳನ್ನು ಬೇರ್ಪಡಿಸಬಹುದು. ಎಲೆಕ್ಟ್ರಾನಿಕ್ ಮೂಗಿನ ಆರಂಭವೆಂದು ನಾನು ಎಣಿಸುವುದು ಇದನ್ನೇ.

ಈ ಮೂಗಿಗೆ ಚಕ್ರ, ರೆಕ್ಕೆ ಕೊಟ್ಟಾಗ ಬೇರೆಯೇ ತೊಡಕು ಎದುರಾಯಿತು. ಗಾಳಿಯಲ್ಲಿ ವಾಸನೆ ತುಂಡುತುಂಡಾಗಿ ಸಾಗುವುದರಿಂದ, ಅದು ದಟ್ಟವಾಗುವ ದಿಕ್ಕನ್ನೇ ಹಿಡಿದು ಹೊರಟ ರೋಬೋಟ್ ದಾರಿ ತಪ್ಪುತ್ತದೆ. ಪತಂಗವು ಗಾಳಿಗೆದುರಾಗಿ, ಅಂಕುಡೊಂಕಾಗಿ ಹಾರಿ ಮೂಲ ಸೇರುವ ಕ್ರಮವನ್ನು ಅನುಸರಿಸಿ, 2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪತಂಗದ ಸಜೀವ ಕುಡಿಮೀಸೆಯನ್ನೇ ಡ್ರೋನಿಗೆ ಜೋಡಿಸಿದರು.

ನಮ್ಮ ಗುಂಡಿಗಳಿಗೆ ಹೆಚ್ಚು ಹತ್ತಿರವಾದದ್ದು ಕೇರಳದಲ್ಲಿ 2018ರಲ್ಲಿ ಬಳಕೆಗೆ ಬಂದ, ಅನಿಲ ಸೆನ್ಸರ್ ಹೊತ್ತ ಬ್ಯಾಂಡಿಕೂಟ್ ರೋಬೋಟ್. ಅದು ಒಳಗಿಳಿದು ಹೂಳೆತ್ತುವಾಗ ಮನುಷ್ಯ ಮೇಲೆಯೇ ನಿಂತಿರುತ್ತಾನೆ. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ಆ ಸಾವು ಸಂಭವಿಸುವ ಮೊದಲೇ ಯಂತ್ರಕ್ಕೆ ಹಣ ಹಾಕುವುದು ನ್ಯಾಯವೆಂಬುದು ನನ್ನ ದೃಢ ನಂಬಿಕೆ. ಆದರೆ ಡಿಸ್ಟಿಲರಿಯೂ ಇರುವ ಕಾರ್ಖಾನೆಯಲ್ಲಿ ಮದ್ಯಸಾರದ ಆವಿಯೂ ತೇವವೂ ತವರದ ಆಕ್ಸೈಡಿನ ಸೆನ್ಸರನ್ನು ದಾರಿ ತಪ್ಪಿಸಬಲ್ಲವು. ಆದ್ದರಿಂದ ನಗರಸಭೆಯವರಾಗಲಿ ಕಾರ್ಖಾನೆಯವರಾಗಲಿ ಇಂಥ ಯಂತ್ರ ಕೊಳ್ಳುವಾಗ, ಹೈಡ್ರೋಜನ್ ಸಲ್ಫೈಡಿಗೆ ಪ್ರತ್ಯೇಕ ಎಲೆಕ್ಟ್ರೋಕೆಮಿಕಲ್ ಸೆನ್ಸರ್ (ಅನಿಲದ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುವಂಥದ್ದು) ಇದೆಯೇ, ಅದನ್ನು ಪ್ರಮಾಣಿತ ಅನಿಲದಿಂದ, ಅಂದರೆ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಅನಿಲದಿಂದ, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು.