‘ಅವನ ಅಪ್ಪನಿಗೂ ಓದು ತಲೆಗೆ ಹತ್ತಿರಲಿಲ್ಲ’: ಓದು, ಮಾತು, ಬುದ್ಧಿ ಮತ್ತು ವಂಶವಾಹಿಗಳ ಹಿನ್ನೆಲೆ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ, ಘಟ್ಟ ಹತ್ತಿದರೆ ಸಿಗುವ ಶಿರಸಿ, ಯಲ್ಲಾಪುರದ ಶಾಲೆಗಳಲ್ಲೂ, ಮೂರನೇ ಇಯತ್ತೆಗೆ ಬಂದರೂ ಪಾಠ ಓದಲು ಬಾರದ ಮಗುವಿನ ಬಗ್ಗೆ ಮಾಸ್ತರರು, ಅಕ್ಕೋರುಗಳ ನಡುವೆ ಒಂದು ಮಾತು ಸಹಜವಾಗಿ ಬರುತ್ತದೆ: ‘ಅವನ ಅಪ್ಪನಿಗೂ ಓದು ತಲೆಗೆ ಹತ್ತಿರಲಿಲ್ಲ.’ ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಮಗುವಿಗೆ ಬುದ್ಧಿ ಕಡಿಮೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಅದರ ಬೆನ್ನಿಗೇ ಬರುವ ತೀರ್ಮಾನಕ್ಕೆ ಆ ಸತ್ಯದಲ್ಲಿ ಆಧಾರವಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡಲು ವಿಜ್ಞಾನಕ್ಕೇ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಪರ್ಸಿ ಎಂಬ ಹುಡುಗನ ವಿವರವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಲೆಕ್ಕದಲ್ಲಿ ಚುರುಕಾಗಿದ್ದ, ಆಟದಲ್ಲಿ ಓರಗೆಯವರಿಗೆ ಕಡಿಮೆಯಿಲ್ಲದ ಆ ಹುಡುಗನಿಗೆ ವರ್ಷಗಟ್ಟಲೆ ಕಲಿಸಿದರೂ ಸಣ್ಣ ಸಣ್ಣ ಪದಗಳನ್ನೇ ಓದಲಾಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬನಿರುತ್ತಿರಲಿಲ್ಲ ಎಂದು ಅವನ ಶಿಕ್ಷಕರೇ ಹೇಳಿದ್ದರು. ಓದಿನ ತೊಡಕು ಬೇರೆ, ಬುದ್ಧಿಯ ಕೊರತೆ ಬೇರೆ ಎಂಬ ತಿಳಿವಳಿಕೆ ಹೀಗೆ ಮೊದಲ ದಾಖಲೆಗಳಲ್ಲೇ ಇತ್ತು. 1907ರಲ್ಲಿ ಗ್ಲಾಸ್ಗೋದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಶೆಲ್‌ವುಡ್ ಒಂದೇ ಕುಟುಂಬದಲ್ಲಿ ಇಂಥ ನಾಲ್ವರನ್ನು ಕಂಡು ಬರೆದರು. ಇಂದು ನಾವು ಡಿಸ್ಲೆಕ್ಸಿಯಾ ಎನ್ನುವ ಈ ತೊಡಕು ಮನೆತನಗಳಲ್ಲಿ ಹರಿದು ಬರುತ್ತದೆ ಎಂಬುದಕ್ಕೆ ಅಲ್ಲಿಂದ ಸಾಕ್ಷ್ಯ ಸೇರುತ್ತ ಹೋಯಿತು.

ಬುದ್ಧಿಯ ಅಧ್ಯಯನ ಹಿಡಿದ ದಾರಿ ಇಷ್ಟು ನಿರಪಾಯಕಾರಿಯಾಗಿರಲಿಲ್ಲ. ಪ್ರತಿಭೆ ವಂಶದಲ್ಲಿ ಬರುತ್ತದೆ ಎಂದು 1869ರಲ್ಲೇ ವಾದಿಸಿದ್ದ ಫ್ರಾನ್ಸಿಸ್ ಗಾಲ್ಟನ್, ‘ಒಳ್ಳೆಯ’ ವಂಶಗಳನ್ನಷ್ಟೇ ಬೆಳೆಸಬೇಕೆಂಬ ಚಿಂತನೆಗೂ ಬುನಾದಿ ಹಾಕಿದರು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಬುದ್ಧಿ ಪರೀಕ್ಷೆಯನ್ನು ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ. ಮಗುವಿನ ಬುದ್ಧಿ ಬದಲಾಗದ ಗಾತ್ರದ್ದು ಎಂಬ ನಂಬಿಕೆಯನ್ನು ಅವರು ಖಂಡಿಸಿದ್ದರು. ಅದೇ ಪರೀಕ್ಷೆ ಅಮೆರಿಕಕ್ಕೆ ಹೋದಾಗ ಜನರನ್ನು ಮೇಲು ಕೀಳೆಂದು ವಿಂಗಡಿಸುವ ಸಾಧನವಾಯಿತು. ‘ಮಂದಬುದ್ಧಿ’ಯವರೆಂದು ಹಣೆಪಟ್ಟಿ ಕಟ್ಟಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿಯಿತು. ವಂಶ ಮತ್ತು ಬುದ್ಧಿ ಎಂಬ ಎರಡು ಪದಗಳನ್ನು ಒಟ್ಟಿಗೆ ಆಡುವವರು ಈ ಚರಿತ್ರೆಯನ್ನು ಮರೆಯುವಂತಿಲ್ಲ.

ಮನೆತನದಲ್ಲಿ ಹರಿದು ಬರುವುದೆಲ್ಲ ವಂಶವಾಹಿಯದೇ (ಜೀನ್‌ನದೇ) ಆಗಬೇಕಿಲ್ಲ. ಅಪ್ಪ ಅಮ್ಮ ಜೀನ್‌ಗಳ ಜೊತೆಗೆ ಮನೆಯನ್ನೂ ಬಡತನವನ್ನೂ ಪುಸ್ತಕಗಳನ್ನೂ ಮಾತಿನ ರೀತಿಯನ್ನೂ ಕೊಡುತ್ತಾರೆ. ಇವನ್ನು ಬಿಡಿಸಲು ನೆರವಾದದ್ದು ಅವಳಿ ಮಕ್ಕಳ ಅಧ್ಯಯನ. ಒಂದೇ ಮನೆಯಲ್ಲಿ ಬೆಳೆಯುವ ತದ್ರೂಪಿ ಅವಳಿಗಳು ವಂಶವಾಹಿಗಳನ್ನು ಪೂರ್ತಿಯಾಗಿ, ಸಾಮಾನ್ಯ ಅವಳಿಗಳು ಸರಾಸರಿ ಅರ್ಧದಷ್ಟು ಹಂಚಿಕೊಂಡಿರುತ್ತಾರೆ. ಮೊದಲ ಜೋಡಿ ಎರಡನೆಯದಕ್ಕಿಂತ ಎಷ್ಟು ಹೆಚ್ಚು ಹೋಲುತ್ತದೆ ಎಂಬುದರಿಂದ ಆನುವಂಶಿಕತೆಯ ಪಾಲನ್ನು ಅಂದಾಜಿಸಬಹುದು. ಕೊಲರಾಡೊದ ಸಂಶೋಧಕರು 1987ರಲ್ಲಿ ಈ ಕ್ರಮದಿಂದಲೇ ಓದಿನ ತೊಡಕಿಗೆ ವಂಶವಾಹಿಯ ಕಾರಣವಿದೆ ಎಂದು ತೋರಿಸಿದರು. ಬುದ್ಧಿಮಟ್ಟದ ಬಗ್ಗೆ 2010ರಲ್ಲಿ ಸುಮಾರು 11,000 ಅವಳಿ ಜೋಡಿಗಳ ಮಾಹಿತಿ ಕೂಡಿಸಿ ನೋಡಿದಾಗ, ಆನುವಂಶಿಕತೆಯ ಪಾಲು 9ನೇ ವಯಸ್ಸಿನಲ್ಲಿ ಶೇ. 41 ಇದ್ದದ್ದು 17ರ ಹೊತ್ತಿಗೆ ಶೇ. 66ಕ್ಕೆ ಏರಿತ್ತು.

ಬಹಳಷ್ಟು ಮಂದಿ ತಪ್ಪು ತಿಳಿಯುವುದು ಇಂಥ ಅಂಕಿಗಳನ್ನೇ. ಶೇ. 66 ಎಂದರೆ ಒಂದು ಮಗುವಿನ ಬುದ್ಧಿಯಲ್ಲಿ ಮೂರನೇ ಎರಡು ಪಾಲು ಹುಟ್ಟಿನಿಂದ ಬಂದದ್ದು ಎಂದಲ್ಲ. ಒಂದು ಕಾಲದ, ಒಂದು ಸಮಾಜದ ಜನರ ನಡುವೆ ಇರುವ ವ್ಯತ್ಯಾಸಗಳಲ್ಲಿ ಎಷ್ಟು ವಂಶವಾಹಿಗಳ ವ್ಯತ್ಯಾಸದಿಂದ ಆದದ್ದು ಎಂಬ ಲೆಕ್ಕ ಅದು. ಸಮಾಜ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆಸ್ಟ್ರೇಲಿಯಾ, ಅಮೆರಿಕ ಮತ್ತು ಸ್ಕ್ಯಾಂಡಿನೇವಿಯಾದ ಅವಳಿಗಳನ್ನು ಹೋಲಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಓದು ಕಲಿಸುವುದನ್ನು ಬೇಗ ಶುರುಮಾಡುವ ಆಸ್ಟ್ರೇಲಿಯಾದಲ್ಲಿ ಒಂದನೇ ತರಗತಿಗೆ ಮುಂಚಿನ ವರ್ಷದಲ್ಲೇ ವಂಶವಾಹಿಯ ಪಾಲು ದೊಡ್ಡದಿತ್ತು, ತಡವಾಗಿ ಕಲಿಸುವ ಸ್ಕ್ಯಾಂಡಿನೇವಿಯಾದಲ್ಲಿ ಅದು ಕಡಿಮೆಯಿತ್ತು. ಒಂದನೇ ತರಗತಿ ಮುಗಿಯುವಾಗ ಎಲ್ಲ ಕಡೆಯೂ ಅದು ದೊಡ್ಡದಾಗಿತ್ತು. ಎಲ್ಲರಿಗೂ ಒಂದೇ ಬಗೆಯ ಕಲಿಕೆ ಸಿಕ್ಕಿದ ಮೇಲೆ ಮಾತ್ರ ಉಳಿಯುವ ವ್ಯತ್ಯಾಸದಲ್ಲಿ ಜೀನ್‌ಗಳ ಕೈವಾಡ ಎದ್ದು ಕಾಣುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಹೊತ್ತು 2017ರಲ್ಲಿ ಪದ್ಮಶ್ರೀ ಪಡೆದರು; ಶಾಲೆಯ ಓದು ಅವರಿಗೆ ಸಿಕ್ಕಿರಲಿಲ್ಲ. ಅವರ ತಲೆಮಾರಿನಲ್ಲಿ ಓದಬಲ್ಲವರು ಯಾರು, ಓದಲಾರದವರು ಯಾರು ಎಂಬುದನ್ನು ನಿರ್ಧರಿಸಿದ್ದು ಜಾತಿ, ಜಮೀನು, ಹೆಣ್ಣು ಗಂಡೆಂಬ ಭೇದ ಮತ್ತು ಊರಿನಲ್ಲಿ ಶಾಲೆ ಇತ್ತೇ ಎಂಬ ಸಂಗತಿ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ನೆಲದಲ್ಲಿ ಶಾಲೆಗಳನ್ನು ತೆರೆದಾಗ ಯಾರ ವಂಶವಾಹಿಯೂ ಬದಲಾಗಲಿಲ್ಲ, ಆದರೂ ರೈತ, ಕೂಲಿಗಳ ಮನೆಗಳಿಂದ ಓದುವ ಮಕ್ಕಳು ಬಂದರು. ಅಪ್ಪನಿಗೆ ಓದು ಹತ್ತಲಿಲ್ಲ ಎನ್ನುವ ಮೊದಲು ಅಪ್ಪನಿಗೆ ಶಾಲೆ ಸಿಕ್ಕಿತ್ತೇ ಎಂದು ಕೇಳಲೇಬೇಕಾದದ್ದು ಇದಕ್ಕಾಗಿ.

ಜೀನ್‌ಗಳನ್ನೇ ಹುಡುಕುವ ಕೆಲಸ 2001ರಲ್ಲಿ ದೊಡ್ಡ ಸುದ್ದಿಯಾಯಿತು. ಲಂಡನ್ನಿನ ಒಂದು ಕುಟುಂಬದ ಮೂರು ತಲೆಮಾರುಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತಿನ ತೀವ್ರ ತೊಂದರೆಯಿತ್ತು. ಅದಕ್ಕೆ ಏಳನೇ ವರ್ಣತಂತುವಿನ ಫಾಕ್ಸ್‌ಪಿ2 ಎಂಬ ಜೀನಿನ ದೋಷ ಕಾರಣವೆಂದು ಆಕ್ಸ್‌ಫರ್ಡ್‌ನ ಸಂಶೋಧಕರು ಕಂಡುಹಿಡಿದರು. ಪತ್ರಿಕೆಗಳು ಅದನ್ನು ‘ಭಾಷೆಯ ಜೀನ್’ ಎಂದು ಕರೆದದ್ದು ಅತಿಶಯೋಕ್ತಿ. ಇಲಿ, ಹಕ್ಕಿಗಳಲ್ಲೂ ಆ ಜೀನ್ ಇದೆ, ಮಾತಿನ ತೊಡಕಿರುವ ಬಹುಪಾಲು ಮಕ್ಕಳಲ್ಲಿ ಅದರ ದೋಷ ಇರುವುದಿಲ್ಲ. 2022ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಡಿಸ್ಲೆಕ್ಸಿಯಾಕ್ಕೆ ನಂಟಿರುವ, ಡಿಎನ್‌ಎಯಲ್ಲಿನ 42 ಜಾಗಗಳನ್ನು ಗುರುತಿಸಲಾಯಿತು. ಒಂದೊಂದರ ಪರಿಣಾಮವೂ ಅತ್ಯಲ್ಪ. ಆ ಮಾಹಿತಿಯಿಂದ ಒಬ್ಬೊಬ್ಬರ ವಂಶವಾಹಿಗಳಿಗೆ ಲೆಕ್ಕ ಹಾಕಿದ ಅಂಕವು ಓದಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇ. 6ರಷ್ಟನ್ನು ವಿವರಿಸಿತು. ಅದೂ ಐರೋಪ್ಯ ಮೂಲದವರ ಮಾಹಿತಿ; ಕಾರವಾರದ ಮಗುವಿಗಾಗಲಿ, ಯಲ್ಲಾಪುರದ ಆಫ್ರಿಕನ್ ಮೂಲದ ಸಿದ್ದಿ ಮಗುವಿಗಾಗಲಿ ಅದನ್ನು ಅನ್ವಯಿಸುವಂತಿಲ್ಲ. ಐಸ್‌ಲ್ಯಾಂಡಿನ 2018ರ ಅಧ್ಯಯನವೊಂದು ಇನ್ನೂ ಆಳದ ಸಂಗತಿ ತಿಳಿಸಿತು: ಮಗುವಿಗೆ ದಾಟದೆ ಅಪ್ಪ ಅಮ್ಮನಲ್ಲೇ ಉಳಿದ ವಂಶವಾಹಿಗಳೂ, ಅವರು ಕಟ್ಟುವ ಮನೆಯ ವಾತಾವರಣದ ಮೂಲಕ, ಮಗುವಿನ ಶಿಕ್ಷಣದ ಮೇಲೆ ಪ್ರಭಾವ ಬೀರುತ್ತವೆ.

ನಮ್ಮಲ್ಲಿ ತೊಡಕನ್ನು ಗುರುತಿಸುವುದಕ್ಕೇ ಬೇರೆ ಎಚ್ಚರ ಬೇಕು. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡದ ಮಗು ನೂರಾರು ಅಕ್ಷರರೂಪಗಳನ್ನು ಕಲಿಯಬೇಕು. ಬೆಂಗಳೂರಿನ ಸೊನಾಲಿ ನಾಗ್ ಅವರ 2007ರ ಸಂಶೋಧನೆ ತೋರಿಸಿದಂತೆ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಿರುತ್ತದೆ. ಇಂಗ್ಲಿಷಿನ ಅಳತೆಗೋಲು ಹಿಡಿದು ಎರಡನೇ ತರಗತಿಯಲ್ಲೇ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಮನೆಯಲ್ಲಿ ಕೊಂಕಣಿ, ನವಾಯತಿ ಅಥವಾ ಮರಾಠಿ ಆಡುವ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದು ಹೊಸ ಭಾಷೆಯ ಕಷ್ಟವಿರಬಹುದು. ಮನೆಮಾತಿನಲ್ಲೂ ಕತೆ ಹೇಳಲು, ಪ್ರಾಸ ಗುರುತಿಸಲು ಅದು ಒದ್ದಾಡುತ್ತಿದ್ದರೆ ವಿಷಯ ಬೇರೆ.

ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆಯಾದರೂ ನೆರವು ಶುರುವಾಗುವುದು ಮಗು ಸೋತ ಮೇಲೆಯೇ. ಫಿನ್‌ಲ್ಯಾಂಡಿನ ಯುವಾಸ್ಕುಲಾದಲ್ಲಿ, ಓದಿನ ತೊಡಕಿದ್ದ ಪೋಷಕರ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸಿದಾಗ ಸುಮಾರು ಮೂರನೇ ಒಂದು ಭಾಗದ ಮಕ್ಕಳಿಗಷ್ಟೇ ಅದು ಬಂತು, ಹೆಚ್ಚಿನವರಿಗೆ ಬರಲಿಲ್ಲ. ಕುಟುಂಬದ ಹಿನ್ನೆಲೆ ತೀರ್ಪಲ್ಲ, ಆದರೆ ಇಂದಿನ ಯಾವ ಜೀನ್ ಪರೀಕ್ಷೆಗಿಂತಲೂ ಅದು ಉಪಯುಕ್ತ ಸುಳಿವು. ಒಂದನೇ ಇಯತ್ತೆಗೆ ಹೆಸರು ಹಚ್ಚುವ ದಿನ, ಶಾಲೆಗೆ ಹೋಗಿಯೂ ಓದಲು ಕಷ್ಟಪಟ್ಟವರು ಮನೆಯಲ್ಲಿ ಇದ್ದಾರೆಯೇ ಎಂದು ಅಕ್ಕೋರು ಗೌರವದಿಂದ ಕೇಳಿ ಬರೆದುಕೊಂಡರೆ, ಆ ಮಕ್ಕಳಿಗೆ ಅಕ್ಷರ ಮತ್ತು ಉಚ್ಚಾರಗಳ ಜೋಡಣೆಯ ಹೆಚ್ಚಿನ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಕೊಡಬಹುದು.