ಬೆರಳಿಗೆ ನಾಡಿ ಸಿಗದಾಗ: ಆರ್ಟೀರಿಯಲ್ ಲೈನ್ ಮತ್ತು ಸ್ಕ್ಯಾನಿಂಗ್ ಯಂತ್ರದ ಹಿನ್ನೆಲೆ

ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತದ ಲಯ ತಪ್ಪುವ ಕಾಯಿಲೆ) ಇರುವವರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರೆ ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ. ಪ್ರತಿ ಬಡಿತದಲ್ಲೂ ಹೃದಯಕ್ಕೆ ತುಂಬಿಕೊಳ್ಳಲು ಸಿಗುವ ಸಮಯ ಬೇರೆ, ಹೊರಹಾಕುವ ರಕ್ತದ ಪ್ರಮಾಣವೂ ಬೇರೆ. ಹಾಗಾಗಿ ಬಿಪಿ ಕುಸಿದಾಗ ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ ಒತ್ತಡವನ್ನು ನೇರವಾಗಿ ಅಳೆಯುತ್ತಾರೆ. ಇದೇ ಆರ್ಟೀರಿಯಲ್ ಲೈನ್.

1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತದೊತ್ತಡ ಅಳೆದ ಪ್ರಯೋಗವನ್ನು ಪ್ರಕಟಿಸಿದರು. 1953ರಲ್ಲಿ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ ತಂತಿಯ ಮೇಲೆ ನಳಿಕೆ ಜಾರಿಸುವ ವಿಧಾನ ಕೊಟ್ಟರು. ಆಮೇಲೂ ದಶಕಗಟ್ಟಲೆ ಸೂಜಿಗೆ ದಾರಿ ತೋರಿಸಿದ್ದು ನಾಡಿ ಹಿಡಿದ ಬೆರಳೇ.

ಲಯ ತಪ್ಪಿದ ಹೃದಯದಲ್ಲಿ ಆ ಬೆರಳು ಸೋಲುತ್ತದೆ. ಕೆಲವು ಬಡಿತ ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ಕೊಡಗಿನ ಮಳೆಗಾಲದಲ್ಲಿ ಕೈ ತಣ್ಣಗಾಗಿ, ಮೊದಲೇ 2ರಿಂದ 3 ಮಿ.ಮೀ. ಅಗಲದ ಅಪಧಮನಿ ಇನ್ನಷ್ಟು ಮುದುಡಿರುತ್ತದೆ. ಇವರಲ್ಲಿ ಹಲವರು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವುದರಿಂದ ಗುರಿ ತಪ್ಪಿದ ಪ್ರತಿ ಚುಚ್ಚಿಗೂ ಚರ್ಮದಡಿ ರಕ್ತ ಕಟ್ಟಬಹುದು.

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರ ನಾಡಿಯನ್ನು ಹುಡುಕುವುದಿಲ್ಲ, ನಾಳವನ್ನೇ ತೋರಿಸುತ್ತದೆ. ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಸ್ವಲ್ಪವೇ ಹಿಂದಕ್ಕೆ ಬಾಗಿಸಬೇಕು. ಹೆಚ್ಚು ಬಾಗಿಸಿದರೆ ಅಪಧಮನಿ ಚಪ್ಪಟೆಯಾಗುತ್ತದೆ. ಲೀನಿಯರ್ ಪ್ರೋಬ್ (ಚರ್ಮದ ಮೇಲಿಡುವ ಚಪ್ಪಟೆ ತುದಿಯ ಸಾಧನ) ಅಡ್ಡಲಾಗಿಟ್ಟು ಪರದೆಯಲ್ಲಿ ಕಾಣುವ ಆಳವನ್ನು 2 ಸೆಂ.ಮೀ.ಗೆ ಇಳಿಸಬೇಕು. ಮೆಲ್ಲಗೆ ಒತ್ತಿದರೆ ಅಭಿಧಮನಿ ಮುಚ್ಚಿಕೊಳ್ಳುತ್ತದೆ, ಅಪಧಮನಿ ತಡೆದು ನಿಲ್ಲುತ್ತದೆ. ಬಿಪಿ ತೀರಾ ಕಡಿಮೆಯಿದ್ದರೆ ಅದೂ ಮುಚ್ಚಿಕೊಳ್ಳಬಹುದು, ಆಗ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ನೆರವಿಗೆ ಬರುತ್ತದೆ. 20 ಗೇಜ್ ಗಾತ್ರದ ಕ್ಯಾನುಲಾವನ್ನು (ಸೂಜಿಯ ಮೇಲೆ ಕೂರಿಸಿದ ನಳಿಕೆ) ಸುಮಾರು 45 ಡಿಗ್ರಿಯಲ್ಲಿ ಚುಚ್ಚಿ ತುದಿಯ ಬಿಳಿ ಚುಕ್ಕೆ ಕಂಡ ಮೇಲೆ, ಚುಕ್ಕೆ ಮಾಯವಾಗುವಷ್ಟು ಪ್ರೋಬನ್ನು ಮುಂದೆ ಸರಿಸಬೇಕು. ಮತ್ತೆ ಕಾಣುವವರೆಗೆ ಸೂಜಿ ತಳ್ಳಬೇಕು. ಈ ಸರದಿ ಬಿಟ್ಟರೆ ಸೂಜಿಯ ನಡುಭಾಗವನ್ನೇ ತುದಿಯೆಂದು ತಿಳಿದು ಹಿಂದಿನ ಗೋಡೆಯನ್ನು ತೂರಿಬಿಡುತ್ತೇವೆ. ಚುಕ್ಕೆ ನಾಳದೊಳಗೆ ಬಂದ ಮೇಲೆ ಕೋನ ತಗ್ಗಿಸಿ ಇನ್ನೂ ಕೆಲವು ಮಿ.ಮೀ. ಒಳಗೆ ಸಾಗಿಸಿ, ಆಮೇಲಷ್ಟೇ ನಳಿಕೆ ಜಾರಿಸಬೇಕು.

ಬಡಿತ ದುರ್ಬಲವಾಗಿದ್ದಾಗ ಸೂಜಿಯ ಹಿಂಭಾಗದಲ್ಲಿ ರಕ್ತ ತಡವಾಗಿ ಕಾಣಬಹುದು. ತುದಿ ಒಳಗಿರುವುದು ಪರದೆಯಲ್ಲಿ ಸ್ಪಷ್ಟವಿದ್ದರೆ, ರಕ್ತ ಬರಲಿಲ್ಲವೆಂದು ಸೂಜಿಯನ್ನು ತಕ್ಷಣ ಎಳೆದುಬಿಡಬಾರದು.

ಹಾಗಿದ್ದರೆ ಯಂತ್ರ ಎಲ್ಲ ಹಾಸಿಗೆಗಳ ಬಳಿ ಏಕಿಲ್ಲ? ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ 1996ರಲ್ಲಿ ಜಾರಿಯಾಯಿತು, 2003ರಲ್ಲಿ ಬಿಗಿಯಾಯಿತು. ಹೆಣ್ಣುಮಕ್ಕಳನ್ನು ಉಳಿಸಲು ಅದು ಬೇಕೇಬೇಕಿತ್ತು. ಆದರೆ ಗರ್ಭ ನೋಡುವ ಯಂತ್ರಕ್ಕೆ ಕಡ್ಡಾಯವಾದ ನೋಂದಣಿಯೊಳಗೆ ಮಣಿಕಟ್ಟು ನೋಡುವ ಯಂತ್ರವೂ ಬಂತು, ಒಯ್ಯಬಹುದಾದ ಯಂತ್ರಗಳಿಗೆ 2012ರಲ್ಲಿ ಇನ್ನಷ್ಟು ನಿರ್ಬಂಧ ಬಂತು. ಒಂದೇ ಯಂತ್ರವಿರುವ ಸಣ್ಣ ಆಸ್ಪತ್ರೆಯಲ್ಲಿ ಅದು ಸ್ಕ್ಯಾನಿಂಗ್ ಕೋಣೆಯಲ್ಲೇ ಉಳಿಯುತ್ತದೆ. ರಾತ್ರಿ ಐಸಿಯುವಿನಲ್ಲಿ ಮತ್ತೆ ಬೆರಳೇ ಗತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಸಾಗಿಸಬೇಕಾದ ರೋಗಿಗೆ ಹೊರಡುವ ಮೊದಲೇ ಲೈನ್ ಹಾಕಿದ್ದರೆ ಔಷಧಿಯ ಪ್ರಮಾಣವನ್ನು ದಾರಿಯಲ್ಲೇ ಸರಿಹೊಂದಿಸಬಹುದು.

ಲೈನ್ ಹಾಕಿದ ಮೇಲೂ ಒಂದು ಬಡಿತದ ಅಂಕಿ ನೋಡಿ ಔಷಧಿ ಬದಲಿಸಬಾರದು. ಹಲವು ಬಡಿತಗಳುದ್ದಕ್ಕೂ ಬರುವ ಸರಾಸರಿ ಒತ್ತಡವನ್ನೇ ನೋಡಬೇಕು. ನಾಡಿ ಒತ್ತಡದ (ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸ) ಏರಿಳಿತದಿಂದ ಸಲೈನ್ ಬೇಕೇ ಎಂದು ಅಂದಾಜಿಸುವ ಲೆಕ್ಕ ಈ ರೋಗಿಗಳಿಗೆ ಹೊಂದುವುದಿಲ್ಲ.